ಪೊಟ್ಯಾಸಿಯಂ ಇಳಿದ್ರೆ ಕೈಕಾಲು ಯಾಕೆ ಬಿದ್ಹೋಗುತ್ತೆ?

ರಾತ್ರಿ ಮದುವೆ ಊಟ ಗಡದ್ದಾಗಿ ಮಾಡಿ ಮಲಗಿದ ಇಪ್ಪತ್ತೈದರ ಹುಡುಗ, ಬೆಳಗ್ಗೆ ಏಳೋಕೆ ಹೋದ್ರೆ ಕಾಲೇ ಎತ್ತೋಕಾಗ್ತಿಲ್ಲ. ಲಕ್ವ ಹೊಡೀತು ಅಂತ ಮನೆಯವರು ಗಾಬರಿಯಾಗಿ ಎಮರ್ಜೆನ್ಸಿಗೆ ಹೊತ್ಕೊಂಡು ಬರ್ತಾರೆ. ಇಂಥವರು ನಮ್ಮ ಹತ್ರ ಆಗಾಗ ಬರ್ತಾನೇ ಇರ್ತಾರೆ. ಮಾತು ಸರಿ ಇರುತ್ತೆ, ಚಿವುಟಿದ್ರೆ ಗೊತ್ತಾಗುತ್ತೆ, ಆದ್ರೆ ಎರಡೂ ಕಾಲು ತೊಡೆಯಿಂದಲೇ ಸೋತಿರುತ್ತೆ, ಮಂಡಿಗೆ ಸುತ್ತಿಗೆ ತಟ್ಟಿದ್ರೂ ಕಾಲು ಅಲ್ಲಾಡಲ್ಲ. ರಕ್ತದ ರಿಪೋರ್ಟ್ ನೋಡಿದ್ರೆ ಪೊಟ್ಯಾಸಿಯಂ ಲೀಟರಿಗೆ 2.1 ಮಿಲಿಮೋಲ್, ಇರಬೇಕಾದ್ದು 3.5ರಿಂದ 5.

ಪೊಟ್ಯಾಸಿಯಂ ಕಮ್ಮಿ ಆಗಿದೆ ಅಷ್ಟೇ ಅಂತ ಹೇಳಿ ಕಳಿಸಿಬಿಡೋದು ಸುಲಭ, ಆದ್ರೆ ಅದು ಪೂರ್ತಿ ನಿಜ ಅಲ್ಲ. ಮೈಯಲ್ಲಿರೋ ಪೊಟ್ಯಾಸಿಯಂನಲ್ಲಿ ಸುಮಾರು 98 ಪರ್ಸೆಂಟ್ ಜೀವಕೋಶಗಳ ಒಳಗೇ ಇರುತ್ತೆ, ಸ್ನಾಯು ಒಳಗೆ 140ರ ಹತ್ರ, ಹೊರಗೆ ರಕ್ತದಲ್ಲಿ ಬರೀ 4. ಈ ಹುಡುಗನಲ್ಲಿ ಅದು ಖಾಲಿ ಆಗಿಲ್ಲ, ರಕ್ತದಿಂದ ಸ್ನಾಯು ಒಳಗೆ ಸರಿದಿದೆ.

ಈಗ ಲೆಕ್ಕ ನೋಡಿ. ಸ್ನಾಯುಕೋಶದ ಪೊರೆಯ ಒಳಗೂ ಹೊರಗೂ ವೋಲ್ಟೇಜ್ ವ್ಯತ್ಯಾಸ ಇರುತ್ತೆ, ಒಳಗೆ ಮೈನಸ್. ಹೊರಗೆ 4 ಇದ್ದಾಗ ಪೊಟ್ಯಾಸಿಯಂ ಸ್ನಾಯು ಪೊರೆಯನ್ನ ಮೈನಸ್ 94 ಮಿಲಿವೋಲ್ಟ್ ಕಡೆಗೆ ಎಳೆಯುತ್ತೆ, 2.1ಕ್ಕೆ ಇಳಿದ್ರೆ ಮೈನಸ್ 111 ಕಡೆಗೆ ಎಳೀಬೇಕು. ಅಂದ್ರೆ ಪೊರೆ ಇನ್ನೂ ಮೈನಸ್ ಆಗ್ಬೇಕಿತ್ತು. ಆದ್ರೆ ಇಂಥ ರೋಗಿಗಳ ಸ್ನಾಯುವಿನಲ್ಲಿ ಆಗೋದು ಉಲ್ಟಾ, ಪೊರೆ ಮೈನಸ್ 60ರ ಆಸುಪಾಸಿಗೆ ಏರಿ ಅಲ್ಲೇ ಕೂತುಬಿಡುತ್ತೆ.

ಇದಕ್ಕೆ ಕಾರಣ ಇನ್‌ವರ್ಡ್ ರೆಕ್ಟಿಫೈಯರ್ ಅನ್ನೋ ಪೊಟ್ಯಾಸಿಯಂ ಚಾನೆಲ್, ಅಂದ್ರೆ ಪೊರೆಯಲ್ಲಿ ಪೊಟ್ಯಾಸಿಯಂ ಓಡಾಡೋ ಬಾಗಿಲು. 1949ರಲ್ಲೇ ವಿಜ್ಞಾನಿ ಬರ್ನಾರ್ಡ್ ಕಾಟ್ಜ್ ಕಪ್ಪೆ ಸ್ನಾಯುವಿನಲ್ಲಿ ಇದರ ವಿಚಿತ್ರ ನಡತೆ ಗಮನಿಸಿದ್ರು: ಪೊಟ್ಯಾಸಿಯಂ ಒಳಗೆ ಬರೋಕೆ ಧಾರಾಳ ದಾರಿ, ಹೊರಗೆ ಹೋಗೋಕೆ ಇಕ್ಕಟ್ಟು. ಹೊರಗೆ ಹೊರಟಾಗ ಜೀವಕೋಶದ ಒಳಗಿನ ಮೆಗ್ನೀಸಿಯಂ, ಸ್ಪರ್ಮೀನ್ ಥರದ ಅಣುಗಳು ಬಂದು ಚಾನೆಲ್‌ಗೆ ಬಿರಡೆ ಜಡಿದ ಹಾಗೆ ಕೂತ್ಕೊಳ್ತವೆ. ಆದ್ರೂ ಸಂದಿಯಲ್ಲಿ ಸ್ವಲ್ಪ ಪೊಟ್ಯಾಸಿಯಂ ಹೊರಗೆ ಹೋಗುತ್ತಲ್ಲ, ಸ್ನಾಯುವನ್ನ ವಿಶ್ರಾಂತಿಯಲ್ಲಿ ಹಿಡಿದಿಡೋದಕ್ಕೆ ಅದು ಬಹಳ ಮುಖ್ಯ. ಇನ್ನೊಂದು ವಿಷಯ ಏನಂದ್ರೆ, ಈ ಚಾನೆಲ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋದು ಹೊರಗಿನ ಪೊಟ್ಯಾಸಿಯಂ ಮೇಲೇ ನಿಂತಿದೆ, ಹೆಚ್ಚುಕಮ್ಮಿ ಅದರ ವರ್ಗಮೂಲದ ಲೆಕ್ಕದಲ್ಲಿ. ಹೊರಗಿನದು ಅರ್ಧಕ್ಕಿಳಿದ್ರೆ ಚಾನೆಲ್ ಶಕ್ತಿ 0.7ಕ್ಕಿಳಿಯುತ್ತೆ.

ಪೊರೆಯಲ್ಲಿ ಯಾವಾಗ್ಲೂ ಒಂಚೂರು ಸೋಡಿಯಂ ಒಳಗೆ ಸೋರ್ತಾನೇ ಇರುತ್ತೆ. ಪೊಟ್ಯಾಸಿಯಂ ಚಾನೆಲ್ ಗಟ್ಟಿ ಇರೋ ತನಕ ಅದು ಲೆಕ್ಕಕ್ಕಿಲ್ಲ, ಚಾನೆಲ್ ಸೋತ ತಕ್ಷಣ ಸೋರಿಕೆದೇ ಮೇಲುಗೈ, ಪೊರೆ ಮೈನಸ್ 60ಕ್ಕೆ ಬರುತ್ತೆ, ಅಲ್ಲಿ ಸ್ನಾಯುವನ್ನ ಚುರುಕುಗೊಳಿಸೋ ಸೋಡಿಯಂ ಚಾನೆಲ್‌ಗಳು ನಿಷ್ಕ್ರಿಯ ಆಗಿಬಿಡ್ತವೆ. ನರದಿಂದ ಆರ್ಡರ್ ಬಂದ್ರೂ ಸ್ನಾಯು ಅಲುಗಲ್ಲ.

ಯಾರಿಗೆ ಆಗುತ್ತೆ? ಕೆಲವು ಕುಟುಂಬಗಳಲ್ಲಿ ಕ್ಯಾಲ್ಸಿಯಂ ಅಥವಾ ಸೋಡಿಯಂ ಚಾನೆಲ್ ಜೀನ್ ಕೆಟ್ಟು, ಸೋರಿಕೆ ಹುಟ್ಟಿನಿಂದಲೇ ಜಾಸ್ತಿ ಇರುತ್ತೆ. ಆಂಡರ್ಸನ್–ಟಾವಿಲ್ ಅನ್ನೋ ಕಾಯಿಲೆಯಲ್ಲಿ ಹೆಚ್ಚಿನವರಿಗೆ ಇನ್‌ವರ್ಡ್ ರೆಕ್ಟಿಫೈಯರ್ ಜೀನೇ ಕೆಟ್ಟಿರುತ್ತೆ, ಅದೇ ಚಾನೆಲ್ ಹೃದಯದಲ್ಲೂ ಇರೋದ್ರಿಂದ ಬಡಿತವೂ ಏರುಪೇರಾಗುತ್ತೆ. ನಮ್ಮ ಕಡೆ ಗಂಡು ಹುಡುಗರಲ್ಲಿ ಮರೀಬಾರದ ಕಾರಣ ಥೈರಾಯ್ಡ್ ಜಾಸ್ತಿ ಇರೋದು. ಇಂಥ ಕೆಲವರಲ್ಲಿ ಥೈರಾಯ್ಡ್ ಹಾರ್ಮೋನ್ ಮಾತಿಗೆ ಕುಣಿಯೋ ಇನ್ನೊಂದು ಇನ್‌ವರ್ಡ್ ರೆಕ್ಟಿಫೈಯರ್ ಜೀನಲ್ಲಿ ದೋಷ ಇದೆ ಅಂತ 2010ರಲ್ಲಿ ಗೊತ್ತಾಯ್ತು. ಅದರ ಮೇಲೆ ಅನ್ನ, ಸಿಹಿ ಹೊಟ್ಟೆ ತುಂಬಾ ತಿಂದ್ರೆ ಇನ್ಸುಲಿನ್ ಏರುತ್ತೆ, ಪೊಟ್ಯಾಸಿಯಂನ ಒಳಗೆ ಎಳೆಯೋ ಪಂಪ್ ಜೋರಾಗುತ್ತೆ.

ಅದಕ್ಕೇ ಕೈಮುಗಿದು ಕೇಳ್ಕೊಳ್ಳೋದು, ಸುಸ್ತಾಗಿದ್ದಾನೆ ಅಂತ ಇವರಿಗೆ ಗ್ಲೂಕೋಸ್ ಡ್ರಿಪ್ ಹಾಕಿಸ್ಬೇಡಿ. ಅದು ಇನ್ಸುಲಿನ್ ಏರಿಸಿ ಇದ್ದ ಪೊಟ್ಯಾಸಿಯಂನೂ ಒಳಗೆ ತಳ್ಳುತ್ತೆ. ಬಾಯಿಂದ ಪೊಟ್ಯಾಸಿಯಂ ಸಿರಪ್, ಸ್ವಲ್ಪಸ್ವಲ್ಪವೇ, ಇಸಿಜಿ ನೋಡ್ತಾ ಮತ್ತೆಮತ್ತೆ ರಕ್ತ ಟೆಸ್ಟ್ ಮಾಡ್ತಾ ಕೊಡ್ಬೇಕು, ಯಾಕಂದ್ರೆ ಒಳಗೆ ಹೋದದ್ದೆಲ್ಲ ವಾಪಸ್ ಬಂದಾಗ ಪೊಟ್ಯಾಸಿಯಂ ಮಿತಿಮೀರಿ ಏರಿ ಹೃದಯಕ್ಕೇ ಕುತ್ತು ಬರಬಹುದು. ಟೆಸ್ಟ್ ಇಲ್ದೆ ಮನೆಯಲ್ಲೇ ಕುಡಿಸೋಕೂ ಹೋಗ್ಬೇಡಿ, ಪೊಟ್ಯಾಸಿಯಂ ಏರಿದಾಗಲೂ ಹೀಗೇ ಕೈಕಾಲು ಬೀಳುತ್ತೆ.

ಮೊದಲ ಸಲ ಹೀಗಾದವರಿಗೆ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ಟೆಸ್ಟ್ ಬರೆಯದೆ ಡಿಸ್ಚಾರ್ಜ್ ಮಾಡಬಾರ್ದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಥೈರಾಯ್ಡ್ ಕಾರಣ ಆಗಿದ್ರೆ ದಿನಾ ಪೊಟ್ಯಾಸಿಯಂ ಮಾತ್ರೆ ನುಂಗಿದ್ರೂ ಮುಂದಿನ ಅಟ್ಯಾಕ್ ತಪ್ಪಲ್ಲ. ಥೈರಾಯ್ಡ್ ಹತೋಟಿಗೆ ಬರೋ ತನಕ ಪ್ರೊಪ್ರನೊಲಾಲ್ ಅನ್ನೋ ಮಾತ್ರೆ ಕೊಡ್ತೀವಿ, ಹತೋಟಿಗೆ ಬಂದ್ಮೇಲೆ ಅಟ್ಯಾಕ್ ನಿಲ್ಲುತ್ತೆ.