ನೆಕ್ಸಾನ್ ಟರ್ಬೊನೋ, 3ಎಕ್ಸ್‌ಒ ಟರ್ಬೊನೋ? ಮತ್ತೆ ಅದೇ ಐದು ನಿಮಿಷದ ಮಾತು

ಪ್ರಶ್ನೆ: ಸರ್, ನಾವು ಹಾವೇರಿಯವರು. ಟರ್ಬೊ ಪೆಟ್ರೋಲ್ ಗಾಡಿ ತಗೋಬೇಕಂತ ಮಾಡೀವಿ. ಟಾಟಾ ನೆಕ್ಸಾನ್ ಚಲೋನೋ, ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒ ಚಲೋನೋ? ವಾರಕ್ಕ ಎರಡು ಸಲ ಹುಬ್ಬಳ್ಳಿಗೆ ಬರ್ತೀವಿ. ವರ್ಷಕ್ಕ ಎರಡು ಮೂರು ಸಲ ಮನಿಮಂದಿ ಎಲ್ಲಾ ಗೋಕರ್ಣಕ್ಕ ಹೋಗ್ತೀವಿ. ಟರ್ಬೊ ಗಾಡಿ ಬಂದ್ ಮಾಡೋಕಿಂತ ಮೊದಲ ಐದು ನಿಮಿಷ ಹಂಗ ಚಾಲೂ ಇಡಬೇಕಂತಲ್ರಿ? ಇಲ್ಲಾಂದ್ರ ಟರ್ಬೊ ಹೋಗಿಬಿಡ್ತೈತಂತ?

ಉತ್ತರ: ಗಾಡಿಯ ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ. ಕೊನೆಗೆ ಬರುವ ಆ ಐದು ನಿಮಿಷದ ಮಾತು ಮಾತ್ರ ಬದಲಾಗುವುದಿಲ್ಲ. ಹಿಂದೆಯೂ ಹೇಳಿದ್ದೇನೆ. ಈ ಸಲ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಗಾಡಿಯ ವಿಷಯ ಮುಗಿಸೋಣ. ಎರಡೂ ಮೂರು ಸಿಲಿಂಡರ್‌ನ 1.2 ಲೀಟರ್ ಇಂಜಿನ್. ನೆಕ್ಸಾನ್‌ದು 120 ಪಿಎಸ್ ಶಕ್ತಿ, 170 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ. 3ಎಕ್ಸ್‌ಒದಲ್ಲಿ ಎರಡು ಬಗೆ ಇವೆ. ಸಾದಾ ಟರ್ಬೊಗೆ 111 ಪಿಎಸ್, 200 ಎನ್‌ಎಂ. ನೇರವಾಗಿ ಸಿಲಿಂಡರ್ ಒಳಗೇ ಪೆಟ್ರೋಲ್ ಸಿಂಪಡಿಸುವ ದುಬಾರಿ ಇಂಜಿನ್‌ಗೆ 130 ಪಿಎಸ್, 230 ಎನ್‌ಎಂ. ಎಲ್ಲರೂ ಪಿಎಸ್ ನೋಡುತ್ತಾರೆ. ನೀವು ಟಾರ್ಕ್ ನೋಡಿ. ಐದು ಜನ, ಡಿಕ್ಕಿ ತುಂಬಾ ಸಾಮಾನು, ಎಸಿ ಹಾಕಿಕೊಂಡು ಗೋಕರ್ಣದಿಂದ ವಾಪಸ್ ಬರುವಾಗ ಯಲ್ಲಾಪುರದ ಕಡೆಯ ಅರಬೈಲ್ ಘಟ್ಟ ಹತ್ತಿಸುವುದು ಅದೇ. ಅಲ್ಲಿ 3ಎಕ್ಸ್‌ಒ ಸಲೀಸು. ಆಟೊಮ್ಯಾಟಿಕ್ ಬೇಕಿದ್ದರೂ ನನ್ನ ಮತ ಅದಕ್ಕೇ. ಅದರದ್ದು ಟಾರ್ಕ್ ಕನ್ವರ್ಟರ್, ಅಂದರೆ ಇಂಜಿನ್‌ನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಬಗೆ. ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್‌ನಲ್ಲಿ ಇಂಚಿಂಚು ಸರಿಯುವಾಗ ಜರ್ಕ್ ಇಲ್ಲದೆ ಸಾಗುತ್ತದೆ.

ಹೊಲದ ದಾರಿ, ಹಳ್ಳಿಯ ಕಿತ್ತ ರಸ್ತೆ ಜಾಸ್ತಿ ಇದ್ದರೆ ನೆಕ್ಸಾನ್ ತೆಗೆದುಕೊಳ್ಳಿ. ಅದರ ಗ್ರೌಂಡ್ ಕ್ಲಿಯರೆನ್ಸ್ 208 ಮಿಲಿಮೀಟರ್, ಸಸ್ಪೆನ್ಷನ್ ಗಟ್ಟಿಮುಟ್ಟು. ಸುರಕ್ಷತೆಯ ಪರೀಕ್ಷೆಯಲ್ಲಿ ಎರಡಕ್ಕೂ ಐದು ಸ್ಟಾರ್ ಸಿಕ್ಕಿದೆ. ನೀವು ಹೇಳಿದ ಓಡಾಟಕ್ಕೆ ನನ್ನ ಆಯ್ಕೆ 3ಎಕ್ಸ್‌ಒ, ಅದರಲ್ಲೂ 200 ಎನ್‌ಎಂನ ಸಾದಾ ಟರ್ಬೊ. ಆದರೆ ಎರಡನ್ನೂ ಮನೆಯವರನ್ನೆಲ್ಲ ಕೂರಿಸಿಕೊಂಡು ಓಡಿಸಿ ನೋಡಿ. ಷೋರೂಮ್ ಹುಡುಗನ ಜೊತೆ ಒಬ್ಬರೇ ಹೋಗಿ ಎರಡು ಕಿಲೋಮೀಟರ್ ಸುತ್ತಿ ಬಂದರೆ ಏನೂ ಗೊತ್ತಾಗುವುದಿಲ್ಲ.

ಈಗ ಆ ಐದು ನಿಮಿಷ.

ಟರ್ಬೊ ಅಂದರೆ ಒಂದೇ ಕಡ್ಡಿಯ ಎರಡು ತುದಿಗೆ ಎರಡು ಚಿಕ್ಕ ಫ್ಯಾನ್. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ. ಇನ್ನೊಂದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಇಂಜಿನ್‌ಗೆ ತುಂಬುತ್ತದೆ. ಚಿಕ್ಕ ಪೆಟ್ರೋಲ್ ಟರ್ಬೊದ ಕಡ್ಡಿ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗಬಲ್ಲದು. ಹೊಗೆಯ ಕಡೆ ಬಿಸಿ 900 ಡಿಗ್ರಿ ದಾಟುತ್ತದೆ. ಆ ಕಡ್ಡಿ ನಿಂತಿರುವುದು ತೆಳ್ಳನೆಯ ಆಯಿಲ್ ಪದರದ ಮೇಲೆ.

ಐದು ನಿಮಿಷದ ಮಾತು ಸುಮ್ನೆ ಹುಟ್ಟಿದ್ದಲ್ಲ. ಹಳೆಯ ಟರ್ಬೊಗಳಿಗೆ ಆಯಿಲ್ ಒಂದೇ ಆಸರೆ. ಜೋರಾಗಿ ಓಡಿಸಿ ಬಂದು ತಟ್ಟನೆ ಬಂದ್ ಮಾಡಿದರೆ ಆಯಿಲ್ ಹರಿಯುವುದು ನಿಲ್ಲುತ್ತಿತ್ತು. ಒಳಗೆ ಉಳಿದ ಆಯಿಲ್ ಆ ಬಿಸಿಗೆ ಸುಟ್ಟು, ಬಾಣಲೆಯ ತಳ ಹಿಡಿದ ಎಣ್ಣೆಯ ಹಾಗೆ ಕರಿ ಕಟ್ಟುತ್ತಿತ್ತು. ಆ ಕಾಲದ ಡ್ರೈವರ್‌ಗಳು ಗಾಡಿ ಚಾಲೂ ಇಟ್ಟಿದ್ದು ಸರಿಯೇ.

ಈಗಿನ ಕಾರಿನ ಟರ್ಬೊ ಸುತ್ತ ಕೂಲೆಂಟ್ ನೀರೂ ಹರಿಯುತ್ತದೆ. ಇಂಜಿನ್ ನಿಂತ ಮೇಲೂ ಬಿಸಿ ನೀರು ತಾನೇ ಮೇಲೇರಿ, ತಣ್ಣನೆಯದು ಕೆಳಗಿಳಿದು, ಆ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕೆಲವು ಗಾಡಿಗಳಲ್ಲಿ ಅದಕ್ಕೆಂದೇ ಚಿಕ್ಕ ಕರೆಂಟ್ ಪಂಪ್ ಇರುತ್ತದೆ. ಆಯಿಲ್ ಕೂಡ ಸಿಂಥೆಟಿಕ್, ಅಷ್ಟು ಬೇಗ ಸುಡುವುದಿಲ್ಲ. ಇನ್ನು ನೀವು ಗಾಡಿ ನಿಲ್ಲಿಸುವುದು ಎಲ್ಲಿ? ಹೈವೇ ಬಿಟ್ಟು, ಊರೊಳಗೆ ಬಂದು, ಓಣಿಯಲ್ಲಿ ಎರಡನೇ ಗೇರ್‌ನಲ್ಲಿ ಮನೆ ಮುಟ್ಟುತ್ತೀರಿ. ಆ ಕೊನೆಯ ಒಂದು ಕಿಲೋಮೀಟರ್‌ನಲ್ಲೇ ಟರ್ಬೊ ತಣ್ಣಗಾಗಿರುತ್ತದೆ. ಘಟ್ಟ ಹತ್ತಿದ ಕೂಡಲೇ ಚಹಾಕ್ಕೆ ನಿಲ್ಲಿಸಿದರೆ, ಅಥವಾ ಬೈಪಾಸ್‌ನಲ್ಲಿ ಜೋರಾಗಿ ಬಂದು ನೇರ ಪೆಟ್ರೋಲ್ ಬಂಕ್‌ಗೆ ತಿರುಗಿಸುವುದಿದ್ದರೆ, ಕೊನೆಯ ಅರ್ಧ ಒಂದು ನಿಮಿಷ ನಿಧಾನವಾಗಿ ಬನ್ನಿ. ಅಷ್ಟೇ ಸಾಕು.

ಬೆಳಿಗ್ಗೆ ಎದ್ದು ತಣ್ಣನೆಯ ಇಂಜಿನ್ ಅನ್ನು ಐದು ನಿಮಿಷ ನಿಂತಲ್ಲೇ ಓಡಿಸುವುದಂತೂ ಕೆಟ್ಟ ರೂಢಿ. ತಣ್ಣನೆಯ ಸಿಲಿಂಡರ್‌ನಲ್ಲಿ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಉರಿಯದ ಪೆಟ್ರೋಲ್ ಸ್ವಲ್ಪ ಸ್ವಲ್ಪವಾಗಿ ಆಯಿಲ್ ಚೇಂಬರ್‌ಗೆ ಇಳಿದು ಆಯಿಲ್ ತೆಳ್ಳಗಾಗುತ್ತದೆ. ಟರ್ಬೊ ಉಳಿಸಲು ಹೋಗಿ, ಅದನ್ನು ಕಾಯುವ ಆಯಿಲ್ ಅನ್ನೇ ಕೆಡಿಸಿದ ಹಾಗಾಯಿತು. ಅರ್ಧ ನಿಮಿಷ ಬಿಟ್ಟು ಹೊರಡಿ, ಮೊದಲ ಎರಡು ಮೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ. ಖರ್ಚೂ ಲೆಕ್ಕ ಹಾಕಿ. ಬೆಳಿಗ್ಗೆ ಐದು, ಸಂಜೆ ಐದು ನಿಮಿಷ ಅಂದರೆ 300 ದಿನಕ್ಕೆ 50 ಗಂಟೆ. ನಿಂತ ಗಾಡಿ ಗಂಟೆಗೆ ಅರ್ಧ ಲೀಟರ್ ಕುಡಿದರೂ ವರ್ಷಕ್ಕೆ 25 ಲೀಟರ್ ಪೆಟ್ರೋಲ್.

ನಮ್ಮ ಓಣಿಯಲ್ಲೇ ಒಬ್ಬರ ಟರ್ಬೊ ಕೆಟ್ಟಿತು. ಬೇರೆ ಕಂಪನಿಯ ಗಾಡಿ. ಅವರು ದಿನವೂ ತಪ್ಪದೆ ಐದು ನಿಮಿಷ ಚಾಲೂ ಇಡುತ್ತಿದ್ದವರು. ಆಯಿಲ್ ಮುಚ್ಚಳ ತೆಗೆದು ನೋಡಿದೆ, ಒಳಗೆ ಡಾಂಬರಿನಂಥ ಕೆಸರು. ಆಯಿಲ್ ಬದಲಿಸಿ 20 ಸಾವಿರ ಕಿಲೋಮೀಟರ್ ದಾಟಿತ್ತು. ಏರ್ ಫಿಲ್ಟರ್ ತುಂಬಾ ನಮ್ಮೂರ ಧೂಳು. ಪಾಪ, ಅವರಿಗೆ ಐದು ನಿಮಿಷದ ಮಾತು ಹೇಳಿದವರು ಇದ್ದರು, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತೆಗೆದು ತೋರಿಸಿದವರು ಒಬ್ಬರೂ ಇರಲಿಲ್ಲ. ನನಗೆ ಬೇಜಾರಾಗುವುದು ಇದಕ್ಕೇ.

ಕಂಪನಿ ಹೇಳಿದ ಗ್ರೇಡಿನ ಸಿಂಥೆಟಿಕ್ ಆಯಿಲ್ ಅನ್ನೇ ಹಾಕಿಸಿ. ಕಂಪನಿ ಕೊಟ್ಟ ಅವಧಿ ದಾಟಬೇಡಿ, ನಮ್ಮ ಕಡೆಯ ಧೂಳಿಗೆ ಸ್ವಲ್ಪ ಮೊದಲೇ ಬದಲಿಸಿದರೆ ಇನ್ನೂ ಒಳ್ಳೆಯದು. ತಿಂಗಳಿಗೊಮ್ಮೆ ಆಯಿಲ್ ಮಟ್ಟ ನೋಡಿ. ಟರ್ಬೊ ಅಂದರೇನೇ ಬಾಳಿಕೆ ಬರಲ್ಲ ಅನ್ನುವವರಿಗೆ ನಿಮ್ಮೂರ ಪಕ್ಕದ ಪುಣೆ-ಬೆಂಗಳೂರು ಹೈವೇ ತೋರಿಸಿ. ಅಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡುವ ಲಾರಿಗಳದ್ದೂ ಟರ್ಬೊ ಇಂಜಿನ್ನೇ. ಸ್ವಿಟ್ಜರ್ಲೆಂಡ್‌ನ ಆಲ್ಫ್ರೆಡ್ ಬ್ಯೂಕಿ ಟರ್ಬೊಗೆ ಪೇಟೆಂಟ್ ಪಡೆದದ್ದು 1905ರಲ್ಲಿ.

ಗೋಕರ್ಣ ಅಂದಿರಲ್ಲ, ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡುವವರು ಬಹಳ. ಉಳಿಯುವುದಿಲ್ಲ. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಚಕ್ರವೇ ಇಂಜಿನ್ ತಿರುಗಿಸುತ್ತದೆ, ಆಗ ಪೆಟ್ರೋಲ್ ಪೂರ್ತಿ ಬಂದ್ ಆಗುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಬಂದ್ ಆಗದಿರಲು ಪೆಟ್ರೋಲ್ ಹೋಗುತ್ತಲೇ ಇರಬೇಕು, ಅಲ್ವಾ? ಮೇಲಾಗಿ ಗಾಡಿಯ ಭಾರವೆಲ್ಲ ಬ್ರೇಕ್ ಮೇಲೆ. ಬ್ರೇಕ್ ಕಾದು ಹಿಡಿತ ಬಿಟ್ಟರೆ ಆ ತಿರುವುಗಳಲ್ಲಿ ಇನ್ನೊಂದು ಅವಕಾಶ ಸಿಗುವುದಿಲ್ಲ. ಎರಡನೇ ಇಲ್ಲವೇ ಮೂರನೇ ಗೇರ್‌ನಲ್ಲೇ ಇಳಿಯಿರಿ. ಕೆಳಗೆ ಮುಟ್ಟಿ ಇಳಿದಾಗ ಚಕ್ರದ ಕಡೆಯಿಂದ ಸುಟ್ಟ ವಾಸನೆ ಬಂದರೆ, ಬ್ರೇಕ್ ಆರುವವರೆಗೆ ಗಾಡಿ ಮುಂದೆ ಬಿಡಬೇಡಿ. ಮುಂದಿನ ಸಲ ಇನ್ನೊಂದು ಗೇರ್ ಕೆಳಗಿಟ್ಟು ಇಳಿಯಿರಿ.