ಅಭಿವ್ಯಕ್ತಿ ಸ್ವಾತಂತ್ರ್ಯ: ಯಾರ ಎದುರಿನ ಹಕ್ಕು?

ಪಕ್ಷದ ಶಾಲು ಹೊದ್ದು ಬಂದ ನೌಕರನಿಗೆ ಅದನ್ನು ತೆಗೆದಿಡು ಎಂದು ಖಾಸಗಿ ಕಂಪನಿ ಹೇಳಿದರೆ ಸಾಕು, ‘ಅಭಿವ್ಯಕ್ತಿ ಸ್ವಾತಂತ್ರ್ಯದ ಹರಣ’ ಎಂಬ ಕೂಗು ಏಳುತ್ತದೆ. ಈ ಮಾತನ್ನು ಎಲ್ಲೆಂದರಲ್ಲಿ ಬಳಸಿ ಸವೆಸಿದ್ದೇವೆ.

ಸಂವಿಧಾನದ 19(1)(ಎ) ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯ ಮೂಲತಃ ಪ್ರಭುತ್ವದ ಎದುರಿನ ಹಕ್ಕು. ಪ್ರಭುತ್ವದ ವ್ಯಾಪ್ತಿ 12ನೇ ವಿಧಿಯಲ್ಲಿದೆ: ಸರ್ಕಾರಗಳು, ಸಂಸತ್ತು, ಶಾಸಕಾಂಗ, ಸ್ಥಳೀಯ ಸಂಸ್ಥೆಗಳು, ಇತರ ಪ್ರಾಧಿಕಾರಗಳು. ಆದ್ದರಿಂದ ಸರ್ಕಾರಿ ಸಾರಿಗೆ ನಿಗಮದ ಚಾಲಕ ತನ್ನ ಸಂಸ್ಥೆಯ ಎದುರು ಈ ಹಕ್ಕನ್ನು ಎತ್ತಬಹುದು. ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ ಮೊದಲು ನೋಡಬೇಕಾದದ್ದು ನೇಮಕಾತಿ ಪತ್ರ ಮತ್ತು ಕಾರ್ಮಿಕ ಕಾನೂನು. 19ನೇ ವಿಧಿಯ ಹಕ್ಕು ಖಾಸಗಿಯವರ ವಿರುದ್ಧವೂ ಸಲ್ಲುತ್ತದೆ ಎಂದು 2023ರ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಹೇಳಿದ್ದು ನಿಜ. ಆದರೆ ಅಲ್ಲಿ ಚರ್ಚೆಗೆ ಬಂದದ್ದು ಸಚಿವರ ಹೇಳಿಕೆಗಳು, ಕಚೇರಿಗೆ ಹೊದ್ದು ಬಂದ ಶಾಲಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ತಪ್ಪು: ‘ಸರ್ಕಾರಿ ನೌಕರನಿಗೆ ಈ ಸ್ವಾತಂತ್ರ್ಯವೇ ಇಲ್ಲ.’ ಇದೆ. ಯಾವ ರೂಪದ ಪ್ರದರ್ಶನವನ್ನೂ ಮಾಡಕೂಡದೆಂಬ ಬಿಹಾರದ ನಿಯಮವನ್ನು 1962ರ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಮುಷ್ಕರದ ಮೇಲಿನ ನಿಷೇಧವನ್ನು ಮಾತ್ರ ಉಳಿಸಿತು. ಪ್ರದರ್ಶನವೆಂದರೆ ಗದ್ದಲವೇ ಆಗಬೇಕಿಲ್ಲ, ಅಹವಾಲಿನತ್ತ ಗಮನ ಸೆಳೆಯಲು ಬ್ಯಾಡ್ಜ್ ಧರಿಸುವುದೂ ಶಾಂತಿಯುತ ಪ್ರದರ್ಶನವೇ ಎಂದು ಆ ತೀರ್ಪು ಬಿಡಿಸಿ ಹೇಳಿದೆ. ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕಡತ ನೋಡುವ ಗುಮಾಸ್ತರನ್ನು ‘ಅಶಿಸ್ತಿನವರು’ ಎಂದು ಬೈಯುವವರು ಅದನ್ನು ಓದಬೇಕು.

ಪಕ್ಷದ ಗುರುತಿನ ಮಾತು ಬೇರೆ. ಕೇಂದ್ರ ನೌಕರರ 1964ರ ನಡತೆ ನಿಯಮಗಳ 5ನೇ ನಿಯಮದಂತೆ ಮೈಮೇಲೆ, ವಾಹನದ ಮೇಲೆ ಅಥವಾ ಮನೆಯ ಮೇಲೆ ಚುನಾವಣಾ ಚಿಹ್ನೆ ತೋರಿಸಿದರೆ ಚುನಾವಣೆಯಲ್ಲಿ ಪ್ರಭಾವ ಬಳಸಿದಂತೆ. ಕೈ, ಕಮಲ, ತೆನೆ ಹೊತ್ತ ಮಹಿಳೆ, ಯಾವುದಾದರೂ ಸರಿ. ಇದು ನ್ಯಾಯವೇ: ಅರ್ಜಿ ಹಿಡಿದು ಬಂದವನು ಮೇಜಿನ ಆಚೆ ಕುಳಿತವರ ಪಕ್ಷ ಯಾವುದೆಂದು ನೋಡಿ ಹೆದರಬಾರದು.

ಆದರೆ ಅಲ್ಲಿರುವ ಪದ ‘ಚುನಾವಣಾ ಚಿಹ್ನೆ’. ಅದನ್ನು ‘ರಾಜಕೀಯ ವಾಸನೆ ಇರುವ ಯಾವುದಾದರೂ ವಸ್ತು’ ಎಂದು ಹಿಗ್ಗಿಸಬಾರದು. ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಹಳದಿ-ಕೆಂಪು ಬಾವುಟ ಮೊದಲು ಕನ್ನಡ ಪಕ್ಷದ್ದು, ಇಂದು ನಾಡಿನದು. ರಾಜ್ಯೋತ್ಸವದ ದಿನ ಆ ಬಣ್ಣದ ಪಟ್ಟಿಯನ್ನು ಅಂಗಿಗೆ ಸಿಕ್ಕಿಸಿಕೊಂಡ ಕೇಂದ್ರ ನೌಕರನಿಗೆ ಈ ನಿಯಮದಡಿ ನೋಟಿಸ್ ಕೊಡುವವರು, ಅದು ಯಾವ ಅಭ್ಯರ್ಥಿಯ ಚಿಹ್ನೆ ಎಂದು ನೋಟಿಸಿನಲ್ಲೇ ಬರೆಯಲಿ.