ಎನಿವನ್ ಅಂದ್ರೆ ಯಾರು?

ಗಂಗಾವತಿಯಲ್ಲಿ ಕ್ರೂಸರ್ ನಿಲ್ಲುವ ಕಡೆ ಹತ್ತು ನಿಮಿಷ ನಿಂತರೆ ಸಾಕು, ಇಂಗ್ಲಿಷ್‌ನ ‘ಎನಿವನ್’ (anyone) ಅನ್ನೋ ಪದ ಅರ್ಥವಾಗುತ್ತದೆ. ಒಂದು ಸೀಟು ಖಾಲಿ ಇದೆ, ಗಾಡಿ ಬಿಡಬೇಕು, ಡ್ರೈವರ್ ಕೂಗುತ್ತಾನೆ: ‘ಕೊಪ್ಪಳ, ಕೊಪ್ಪಳ... ಯಾರರ ಅದೀರೇನ್ರೀ?’ ಆ ‘ಯಾರರ’ ಇದೆಯಲ್ಲ, ಪುಸ್ತಕದ ಕನ್ನಡದ ‘ಯಾರಾದರೂ’, ಅದೇ ಎನಿವನ್. ಇಂಥವರೇ ಬೇಕು ಅಂತಿಲ್ಲ, ಯಾರಿಗಾದರೂ ಕೊಪ್ಪಳಕ್ಕೆ ಹೋಗೋದಿದೆಯೋ ಇಲ್ಲವೋ ಅದೂ ಅವನಿಗೆ ಗೊತ್ತಿಲ್ಲ. ಅಷ್ಟರಲ್ಲಿ ಹಿಂದಿನಿಂದ ‘ತಡೀರಿ, ತಡೀರಿ’ ಅಂತ ದನಿ ಬಂತು ಅನ್ನಿ, ಅದು ‘ಯಾರೋ’. ಒಬ್ಬರು ಇರೋದು ಖಾತ್ರಿ, ಮುಖ ಕಂಡಿಲ್ಲ ಅಷ್ಟೇ. ಇಂಗ್ಲಿಷ್‌ನಲ್ಲಿ ಸಮ್‌ವನ್.

ನಾವು ಎಡವೋದು ‘ಯಾರೂ’ ಹತ್ತಿರ. ಕನ್ನಡದಲ್ಲಿ ‘ಯಾರು’ ಒಂದಕ್ಕೇ ಬಾಲ ಬದಲಿಸಿ ಎಲ್ಲ ಕೆಲಸ ಮುಗಿಸುತ್ತೇವೆ, ‘ಇಲ್ಲ’ ಅನ್ನೋದು ಕೊನೆಗೆ ಬರುತ್ತದೆ. ಅದೇ ಅಭ್ಯಾಸದಲ್ಲಿ ನಾನೂ ಒಮ್ಮೆ ಆಫೀಸ್ ಮೇಲ್‌ನಲ್ಲಿ ‘ಯಾರೂ ಬರಲಿಲ್ಲ’ ಅನ್ನೋದಕ್ಕೆ ‘ಎನಿವನ್ ಡಿಡ್ ನಾಟ್ ಕಮ್’ ಅಂತ ಬರೆದು ಕಳಿಸಿದ್ದೆ. ಮೇಲಿನವರು ತಿದ್ದಿ ವಾಪಸ್ ಕಳಿಸಿದರು, ಅದೂ ಎಲ್ಲರಿಗೂ ಕಾಣೋ ಹಾಗೆ. ಬರೆಯಬೇಕಿದ್ದದ್ದು ‘ನೋ ವನ್ ಕೇಮ್’. ಹಾಗಂತ ಎನಿವನ್ ಜೊತೆ ನಾಟ್ ಬರಲೇಬಾರದು ಅಂತಲ್ಲ, ನಾಟ್ ಮುಂದೆ ಇರಬೇಕು, ಎನಿವನ್ ಅದರ ಹಿಂದೆ ಬರಬೇಕು: ‘ಐ ಡಿಡ್ ನಾಟ್ ಸೀ ಎನಿವನ್’. ಇದು ಸರಿ.

‘ಎನಿವನ್ ಕ್ಯಾನ್ ಮೇಕ್ ಮಿರ್ಚಿ’ ಅಂದಾಗ ಅರ್ಥ ಸ್ವಲ್ಪ ಬೇರೆ, ‘ಯಾರು ಬೇಕಾದರೂ’ ಅಂತ. (ವ್ಯಾಕರಣ ಸರಿ, ಮಾತು ಸುಳ್ಳು. ಬಳ್ಳಾರಿಯ ಒಗ್ಗರಣೆ ಅಂಗಡಿಯ ಮಿರ್ಚಿ ನಮ್ಮ ಮನೆಯಲ್ಲಂತೂ ಇವತ್ತಿಗೂ ಬಂದಿಲ್ಲ.)

‘ಎನಿ’ ಅನ್ನೋದು ಹಳೆಯ ಇಂಗ್ಲಿಷ್‌ನಲ್ಲಿ ‘ಒಂದು’ ಅನ್ನೋ ಪದದಿಂದಲೇ ಹುಟ್ಟಿದ್ದು, ಹಿಂದೆ ಇನ್ನೊಂದು ‘ವನ್’ ಬೇರೆ ಅಂಟಿಕೊಂಡಿದೆ. ಆದ್ದರಿಂದ ಕ್ರಿಯಾಪದವೂ ಏಕವಚನ: ‘ಈಸ್ ಎನಿವನ್ ದೇರ್?’ ನಾವು ‘ಯಾರಾದರೂ ಇದ್ದಾರಾ’ ಅಂತ ಬಹುವಚನದಲ್ಲಿ ಕೇಳೋರು, ಅದಕ್ಕೇ ಬಾಯಿಗೆ ‘ಆರ್’ ಬಂದುಬಿಡುತ್ತದೆ. ತಮಾಷೆ ಅಂದ್ರೆ ಮುಂದಿನ ಮಾತಿಗೆ ಇಂಗ್ಲಿಷಿನವರೂ ನಮ್ಮ ದಾರಿಗೇ ಬರುತ್ತಾರೆ. ‘ಇಫ್ ಎನಿವನ್ ಕಾಲ್ಸ್, ಟೆಲ್ ದೆಮ್’ ಅನ್ನುತ್ತಾರೆ, ಯಾರಾದರೂ ಫೋನ್ ಮಾಡಿದರೆ ‘ಅವರಿಗೆ’ ಹೇಳು.

ಎನಿಬಡಿ ಅಂದರೂ ಇದೇ ಅರ್ಥ, ಮಾತಿನಲ್ಲಿ ಸ್ವಲ್ಪ ಸಲಿಗೆ ಜಾಸ್ತಿ. ಬಿಡಿಸಿ ‘ಎನಿ ವನ್’ ಅಂತ ಬರೆದರೆ ಮಾತ್ರ ಬೇರೆ, ಅದು ‘ಇವುಗಳಲ್ಲಿ ಯಾವುದಾದರೂ ಒಂದು’. ಅಕ್ಕಿ ಅಂಗಡಿಯಲ್ಲಿ ಸೋನಾ ಮಸೂರಿಯ ನಾಲ್ಕು ಚೀಲ ತೋರಿಸಿ ಒಂದು ಕೊಡಿ ಅನ್ನುವಾಗ ಬೇಕಾಗೋದು ಇದೇ. ಅಲ್ಲಿ ಕೂಡಿಸಿ ಬರೆದರೆ ಅಕ್ಕಿ ಚೀಲವನ್ನು ಮನುಷ್ಯ ಮಾಡಿದ ಹಾಗೆ.